ಬೆಣೆಯವನ ನಾಲ್ಕು ಸಾಲು

"ಬಾಯಿ ತೆಗಿ ಅಂದ್ರೆ ಬರೀ ತೆಗೀಬೇಕು, ಮುದುಕಿ! ದನಿ ಯಾವನು ಕೇಳಿದ ನಿನ್ನ? ತುಕ್ಕು ಹಿಡಿದ ತಗಡು ಎಳೆದಂಗೆ ಕರಕರ ಅಂತೀಯ!"

ಕಿವಿಗೆ ಫೋನು ಸಿಕ್ಕಿಸಿಕೊಂಡಿದ್ದ ವೇದಿಕೆಯ ಮೇಸ್ತ್ರಿ ಇದನ್ನು ಹೇಳುತ್ತಿದ್ದುದು ಮೂರನೆಯ ಸಲ. ಕೂಗಕ್ಕ ತಟ್ಟನೆ ಬಾಯಿ ಮುಚ್ಚಿಕೊಂಡಳು. ತಪ್ಪು ಅವಳದೇ. ಪಕ್ಕದ ಸಣ್ಣ ಸ್ಪೀಕರಿನೊಳಗಿಂದ ತನ್ನ ದನಿ ಬರುತ್ತಿದ್ದಂತೆ ಅವಳ ಗಂಟಲು ತಾನಾಗಿ ಬಿಚ್ಚಿಕೊಂಡುಬಿಡುತ್ತಿತ್ತು.

"ದನಿ ನಿಂದೇ ಕಣಮ್ಮಾ, ಆಗ್ಲೇ ಹಾಕಿದೀವಲ್ಲ. ವಯಸ್ಸಲ್ಲಿದ್ದಾಗಿಂದು, ಚೆನ್ನಾಗಿದೆ. ಈಗಿಂದು ಯಾರಿಗೆ ಬೇಕು? ಸುಮ್ನೆ ನಿಂತ್ಕೋ. ತೆಗಿ, ಮುಚ್ಚು, ತೆಗಿ, ಮುಚ್ಚು. ಮೀನು ನೋಡಿದೀಯಾ ಮೀನು? ಹಾಗೆ."

ಇಪ್ಪತ್ತಾರರ ಕೂಗಕ್ಕ ಡಬ್ಬದೊಳಗಿಂದ ಕೂಗಿದಳು. ಐವತ್ತೆಂಟರ ಕೂಗಕ್ಕ ಮೀನಿನ ಹಾಗೆ ಬಾಯಿ ಆಡಿಸಿದಳು. ಬೆಳಿಗ್ಗೆ ಅವಳು ಒಗೆದ ಬಟ್ಟೆ ಉಟ್ಟು, ತಲೆ ಬಾಚಿ, ಅಚ್ಚುಕಟ್ಟಾಗಿ ಬಂದಿದ್ದಳು. ಬಣ್ಣ ಹಚ್ಚುವ ಹುಡುಗಿ ಅದನ್ನೆಲ್ಲ ಬಿಚ್ಚಿಸಿ ಗೋಣಿಬಟ್ಟೆ ಸುತ್ತಿದಳು; ಮುಖಕ್ಕೆ, ಕತ್ತಿಗೆ, ಕೈಗೆ ಬೂದು ಪುಡಿ ಬಳಿದಳು. ನಲವತ್ತು ವರ್ಷ ಸೋಪು ಹಾಕಿ ತಿಕ್ಕಿ ತೆಗೆದ ದೂಳು ಈಗ ಡಬ್ಬಿಯಲ್ಲಿ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಅವಳ ಹಿಂದೆ ಆರು ಜನ ಮುದುಕರು ಹಗ್ಗ ಹಿಡಿದು ನಿಂತಿದ್ದರು. ಹಗ್ಗದ ತುದಿಗೆ ಆಳೆತ್ತರದ ಥರ್ಮಾಕೋಲಿನ ಕಲ್ಲು. ಅವರಲ್ಲಿ ಹಿರಿಯ ಹಾರೆಮಾವ. ಗಣಿಯಲ್ಲಿ ಅವನಷ್ಟು ಹಾರೆ ಮುರಿದವರಿಲ್ಲ, ಅದಕ್ಕೇ ಆ ಹೆಸರು. ಎರಡು ಬೆರಳಿನಲ್ಲಿ ಹಗ್ಗ ಎಳೆದು ನೋಡಿ ಅವನೆಂದ:

"ನಮ್ಮ ಕಾಲಕ್ಕೆ ಕಲ್ಲು ಇಷ್ಟು ಹಗುರ ಇದ್ದಿದ್ರೆ ನನ್ನ ಸೊಂಟ ಇನ್ನೂ ಮದುವೆ ಗಂಡಿಂದಿದ್ದಂಗೆ ಇರ್ತಿತ್ತು."

"ಏಯ್ ತಾತ, ಕಷ್ಟಪಡೋ ಹಾಗೆ ಎಳೀಬೇಕು! ಮುಖ ಕಿವುಚ್ಕೋ!" ಎಂದ ಮೇಸ್ತ್ರಿ.

"ಹುಟ್ಟಿದಾಗಿಂದ ಮುಖ ಹಿಂಗೇ ಐತಪ್ಪ. ಇನ್ನೆಷ್ಟು ಕಿವುಚ್ಲಿ?"

ಮುದುಕರು ಕಿಸಕ್ಕೆಂದರು. ಕೂಗಕ್ಕ ನಗಲಿಲ್ಲ. ಅವಳ ಕಿವಿ ಡಬ್ಬದ ಕಡೆಗಿತ್ತು. "ಎಳಿರೋ... ಹೊಯ್ಯಾ" ಬಂತು. ಅದರ ಬೆನ್ನಿಗೇ ಢಬಢಬ ಎಂಬ ಎರಡು ಏಟು. ಆಮೇಲೆ "ಬಿಡಿರೋ... ಹೊಯ್". ಮತ್ತೆ ಎಳಿರೋ. ಮತ್ತೆ ಬಿಡಿರೋ.

"ಸಾರ್," ಎಂದಳು ಅವಳು, "ನಡುವಿನ ನಾಲ್ಕು ಸಾಲು ಬಿಟ್ಟುಹೋಗೈತೆ."

"ಬಿಟ್ಟುಹೋಗಿಲ್ಲ, ಬಿಡಿಸಿದೀವಿ. ಡಿಜೆ ಕಟ್ ಮಾಡಿದಾರೆ. ಆ ಭಾಗ ಎಳೆಯುತ್ತೆ, ಜನ ನಿದ್ದೆ ಮಾಡ್ತಾರೆ."

"ಅದು ಇಲ್ದೆ ಬಿಡು ಅನ್ನಬಾರ್ದು ಸಾರ್. ಅದು ಬೆಣೆಯವನದು."

"ಯಾವನವನು ಬೆಣೆಯವನು? ಅವನಿಗೆ ಟಿಕೆಟ್ ಇದೆಯಾ?" ಮೇಸ್ತ್ರಿ ತನ್ನ ಮಾತಿಗೆ ತಾನೇ ನಕ್ಕು ಬೆನ್ನು ತಿರುಗಿಸಿದ. "ಹೋಗಿ, ಊಟ ಮಾಡ್ಕೊಂಡು ಬನ್ನಿ. ಪುಡಿ ಒರೆಸ್ಕೊಂಡ್ರೆ ನೋಡಿ ಮತ್ತೆ!"

*

ಬೆಣೆಯವನು ಅವಳ ಒಡಹುಟ್ಟಿದ ತಮ್ಮ.

ಅವನು ಆ ಹೊತ್ತಿಗೆ ಗಣಿಯ ಎಡಗೋಡೆಯ ಬುಡದಲ್ಲಿದ್ದ. ಕಲ್ಲುಗಣಿಗೆ ಇಳಿಯುವ ದಾರಿ ಕಿರಿದು, ಕ್ರೇನು ಬರುವುದಿಲ್ಲ. ಆಳೆತ್ತರದ ಸ್ಪೀಕರುಗಳನ್ನು ಬಂಡೆಯ ಹಾಸುಗಳ ಮೇಲೆ ಕೂರಿಸಬೇಕಾದರೆ ಹಗ್ಗ, ರಾಟೆ, ಎಂಟು ಜನರ ಬೆನ್ನು, ಇಷ್ಟೇ ದಾರಿ. ಹಾಗಾಗಿ ಗಣಿಯೊಳಗೆ ಹಾಡಿನ ಹಬ್ಬ ನಡೆಸುವ ಕಂಪನಿ ಹಳೆಯ ಗಣಿಯವರನ್ನೇ ಹುಡುಕಿ ಕರೆಸಿತ್ತು. ಗಣಿ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಅಂದಿನಿಂದ ಒಬ್ಬ ಕಾವಲು, ಒಬ್ಬ ಗಾರೆ, ಒಬ್ಬ ಚರಂಡಿ ಎಂದು ಚದುರಿಹೋಗಿದ್ದ ಎಂಟು ಜನ ಮತ್ತೆ ಒಂದೇ ಹಗ್ಗಕ್ಕೆ ಕೈ ಹಾಕಿದ್ದರು. ಮೂರು ದಿನದಲ್ಲಿ ಹನ್ನೊಂದು ಡಬ್ಬ ಏರಿಸಿದ್ದರು. ಉಳಿದದ್ದು ಒಂದು.

ತಗಡಿನ ಬೇಲಿಯ ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾಗ ತಮ್ಮ ಅಕ್ಕನ ಬೂದು ಮುಖ ನೋಡಿ ಎದೆ ಹಿಡಿದುಕೊಂಡ.

"ಅಯ್ಯಯ್ಯೋ! ಅಮ್ಮ ಎದ್ದು ಬಂದ್ಲು ಅಂದ್ಕೊಂಡೆ!"

"ಸುಮ್ನೆ ತಿನ್ನೋ."

"ಇವತ್ತು ಟಿವೀಲಿ ಬರ್ತೀಯಂತೆ. ಹಲ್ಲುಜ್ಜಿದೀಯೋ ಇಲ್ವೋ? ದೇಶಕ್ಕೆಲ್ಲ ಕಾಣ್ತದೆ."

"ಹಲ್ಲು ಕಾಣಿಸೋಕೇ ಕರ್ಸಿರೋದು. ದನಿ ಬೇಡ್ವಂತೆ."

ತಮ್ಮನ ಹೆಂಡತಿ, ಅವಳ ನಾದಿನಿ, ಕಸದ ಚೀಲ ಬದಿಗಿಟ್ಟು ಬಂದು ಕೂತಳು. "ಅತ್ತಿಗೆ ಬಾಯಿ ಮುಚ್ಕೊಂಡಿರೋದಕ್ಕೆ ಟಿಕೆಟ್ ಇಡೋದಾದ್ರೆ ನಾವೂ ತಗೋತಿದ್ವಿ," ಎಂದಳು. ಮೂವರೂ ನಕ್ಕರು. ನಾಲ್ಕು ಸಾಲು ಕತ್ತರಿಸಿದ್ದನ್ನು ಹೇಳಬೇಕೆಂದು ಕೂಗಕ್ಕನ ನಾಲಗೆಯ ತುದಿಗೆ ಬಂದಿತ್ತು. ನಗು ಕೆಡಿಸುವುದೇಕೆಂದು ನುಂಗಿಕೊಂಡಳು. ಅಷ್ಟಕ್ಕೂ ಅದು ಸಂಜೆಯ ಆಟದ ಮಾತು, ಥರ್ಮಾಕೋಲಿನ ಮಾತು.

ತಮ್ಮ ಕೈ ತೊಳೆದು, ಬೆಣೆಗಳ ಚೀಲ ಹೆಗಲಿಗೆ ಹಾಕಿಕೊಂಡು ಹೋದ.

*

ಕೂಗುವ ಕೆಲಸ ಅವಳಿಗೆ ತಾಯಿಯಿಂದ ಬಂದದ್ದು. ಕೂಗುವವಳು ಎಲ್ಲರ ಪಾದ ಕಾಣುವ ಕಡೆ ನಿಲ್ಲಬೇಕು. ಪಾದ ಊರಿದ್ದು ನೋಡಿಕೊಂಡು "ಎಳಿರೋ" ಅನ್ನಬೇಕು. ಕಲ್ಲು ಒಂದು ಮೊಳ ಏಳುತ್ತದೆ. ಆ ಸಂದಿಗೆ ಬೆಣೆಯವನು ಕೈ ಹಾಕಿ ಮರದ ಬೆಣೆ ಇಡುತ್ತಾನೆ. ಅವನು ಕೈ ಹೊರಗೆ ತೆಗೆದುಕೊಳ್ಳುವವರೆಗೂ ಅವಳು ಹಾಡಬೇಕು. ಅದಕ್ಕೆಂದೇ ಇರುವುದು ನಾಲ್ಕು ಸಾಲು:

ಕೈಯ ತಕ್ಕೊಳ್ಳೊ ತಮ್ಮಯ್ಯ
ಮೈಯ ತಕ್ಕೊಳ್ಳೊ ತಮ್ಮಯ್ಯ
ಉಣ್ಣೋ ಕೈಯಿ ನಿಂದಯ್ಯ
ಕಲ್ಲಿಗ್ಯಾತಕೊ ತಮ್ಮಯ್ಯ

ನಾಲ್ಕನೆಯ ಸಾಲಿಗೆ ಕೈ ಹೊರಗಿರಬೇಕು. ಇನ್ನೂ ಒಳಗಿದ್ದರೆ ಮತ್ತೆ ಮೊದಲಿನಿಂದ. ಎಷ್ಟು ಸಲವಾದರೂ ಸರಿ, ಹಗ್ಗದವರ ತೋಳು ಹರಿದುಹೋದರೂ ಸರಿ. ಕೈ ಕಂಡ ಮೇಲೆಯೇ "ಬಿಡಿರೋ". ಹೀಗಿದ್ದೂ ಯಾರಿಗಾದರೂ ಪೆಟ್ಟಾದರೆ ಕೂಗಿದವಳ ಬಾಯಿ ಕಟ್ಟಿತು. ಪೆಟ್ಟಾದವನು ತಾನಾಗಿ "ಕೂಗು" ಅನ್ನುವವರೆಗೆ, ಅವನು ಸತ್ತರೆ ಅವನ ಮನೆಯವರು ಅನ್ನುವವರೆಗೆ, ಅವಳು ಕೂಗುವಂತಿಲ್ಲ.

ಅವಳ ತಾಯಿಯ ಕಾಲದಲ್ಲಿ ಮೇಲಿನ ಹಾಸು ಕುಸಿದು ಹನ್ನೊಂದು ಜನ ಹೋದರು. ಕೂಗಿನ ತಪ್ಪಲ್ಲ, ಗಣಿಯ ಯಜಮಾನ ಬಿರುಕು ಬಿಟ್ಟ ಬಂಡೆಯ ಕೆಳಗೇ ಇಳಿಸಿದ್ದ. ಆದರೂ ತಾಯಿ ಬಾಯಿ ಕಟ್ಟಿಕೊಂಡಳು. ಒಂದು ವರ್ಷ ಗಣಿ ಸೀಟಿಯ ಮೇಲೆ ನಡೆಯಿತು. ಮರುವರ್ಷ ಅದೇ ದಿನ ಹನ್ನೊಂದು ಮನೆಯವರು, ಯಾರೂ ಕರೆಯದೆ, ಗುಂಡಿಗೆ ಇಳಿದು ಬಂದು ಕಲ್ಲುಗಳ ಮೇಲೆ ಕೂತರು. ಒಂದೊಂದು ಮನೆಯಿಂದ ಒಬ್ಬೊಬ್ಬರು ಎದ್ದು "ಕೂಗು" ಎಂದರು. ಹನ್ನೊಂದನೆಯ ಮನೆಯಲ್ಲಿ ಉಳಿದಿದ್ದುದು ನಾಲ್ಕು ವರ್ಷದ ಹೆಣ್ಣು ಮಗು. ಅದನ್ನು ಹೆಗಲ ಮೇಲೆ ಎತ್ತಿ ಹೇಳಿಸಿದರು. ತಾಯಿ ಕೂಗಿದಳು. ಎಳೆಯಲು ಕಲ್ಲಿರಲಿಲ್ಲ, ಹಗ್ಗವಿರಲಿಲ್ಲ. ಇಡೀ ಗುಂಡಿ "ಹೊಯ್ಯಾ" ಎಂದಿತು.

ಅದು ಮೊದಲನೆಯ ವರ್ಷ. ಆಮೇಲೆ ವರ್ಷ ವರ್ಷ ಸೇರಿದರು. ಪಕ್ಕದ ಗಣಿಯವರು ತಮ್ಮ ಹಾಡು ತಂದರು, ಇಟ್ಟಿಗೆ ಗೂಡಿನವರು ತಮ್ಮದು. ಎದುರು ಕೂತು ನೋಡುವವರು ಅಂತ ಯಾರೂ ಇರಲಿಲ್ಲ, ಬಂದವರೆಲ್ಲ ಹಾಡುವವರೇ. ಎಂಟನೆಯ ವರ್ಷ ಕಾಲೇಜಿನ ಹುಡುಗನೊಬ್ಬ ಹೆಗಲಿಗೆ ಟೇಪು ನೇತುಹಾಕಿಕೊಂಡು ಬಂದ. ಗೋಣಿತಾಟಿನ ಮೇಲೆ ಮಲಗಿದ, ಅವರ ತಟ್ಟೆಯಲ್ಲೇ ಉಂಡ, ಅವರ ದೂಳನ್ನೇ ಕೆಮ್ಮಿದ. ಟೇಪಣ್ಣ ಎಂದು ಹೆಸರಿಟ್ಟರು. ತಾಯಿ ತೀರಿಕೊಂಡು ಕೂಗಕ್ಕ ಅವಳ ಜಾಗದಲ್ಲಿ ನಿಂತ ಹೊಸತು. ಟೇಪಣ್ಣ ಅವಳ ಬಾಯಿಯ ಹತ್ತಿರ ಯಂತ್ರ ಹಿಡಿದು ಕಣ್ಣೀರು ಹಾಕಿದ್ದ. ಆಮೇಲೆ ಅವನ ಗೆಳೆಯರು ಬಂದರು, ಆಮೇಲೆ ವ್ಯಾನು, ಆಮೇಲೆ ಪತ್ರಿಕೆಯವರು, ಆಮೇಲೆ ಬೇಲಿ. ಗಣಿ ಮುಚ್ಚಿದ ಮೇಲೂ ಬೇಲಿ ಉಳಿಯಿತು. ಈಗ ಮುಂಬಾಗಿಲಲ್ಲಿ ಒಳಗೆ ಬರಬೇಕಾದರೆ ಕೈಗೆ ಬಣ್ಣದ ಪಟ್ಟಿ ಬೇಕು. ಹನ್ನೊಂದು ಮನೆಯವರು ಹಿಂಬಾಗಿಲಿನಿಂದ ಬರುತ್ತಾರೆ, ಕಸಕ್ಕೆ, ಹಗ್ಗಕ್ಕೆ. ನಾಲ್ಕು ವರ್ಷದಿಂದ ಕೂಗಕ್ಕ ಬರುತ್ತಿದ್ದುದು ಪ್ಲಾಸ್ಟಿಕ್ ಕಕ್ಕಸುಗಳನ್ನು ತೊಳೆಯಲು. ಈ ಸಲ ವೇದಿಕೆಗೆ ಕರೆದಾಗ ನಾದಿನಿ ಅವಳ ಬಟ್ಟೆಗೆ ತಾನೇ ಇಸ್ತ್ರಿ ಮಾಡಿಕೊಟ್ಟಿದ್ದಳು.

*

ಮಧ್ಯಾಹ್ನ ಎರಡು ಗಂಟೆಗೆ ಹನ್ನೆರಡನೆಯ ಡಬ್ಬ ಗಾಳಿಯಲ್ಲಿತ್ತು.

ಎಂಟು ಜನ ಹಗ್ಗ ಬಿಗಿ ಹಿಡಿದು ನಿಂತಿದ್ದರು. ಡಬ್ಬದ ತಳ ಹಾಸುಗಲ್ಲಿಗೆ ಮುಟ್ಟಿಯೂ ಮುಟ್ಟದ ಹಾಗೆ. ತಮ್ಮ ಮಂಡಿಯೂರಿ, ಕೆನ್ನೆ ಬಂಡೆಗೆ ಒತ್ತಿ, ಸಮ ಇದೆಯೇ ಎಂದು ಕಣ್ಣಳತೆ ಮಾಡುತ್ತಿದ್ದ. ಕೂಗಕ್ಕ ಕೆಳಗೆ ಬೇಲಿಯ ನೆರಳಲ್ಲಿ ಅವನನ್ನೇ ನೋಡುತ್ತ ಕೂತಿದ್ದಳು.

ಆಗ ಮೇಲಿನ ಹನ್ನೊಂದೂ ಡಬ್ಬಗಳಿಂದ ಒಮ್ಮೆಗೇ ಅವಳ ದನಿ ಬಂತು.

ಧ್ವನಿ ಪರೀಕ್ಷೆ. ಮಾಡುತ್ತೇವೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ಬೆಳಗಿನ ಸಣ್ಣ ಡಬ್ಬದ ಕೀರಲಲ್ಲ ಅದು. ನಾಲ್ಕೂ ಗೋಡೆಗೆ ಬಡಿದು, ಗುಂಡಿಯ ತಳದಿಂದ ಎದ್ದು ಬರುವ, ಮೂವತ್ತು ವರ್ಷದ ಹಿಂದಿನ ಕೂಗು. ಎಳಿರೋ... ಹೊಯ್ಯಾ.

ಎಂಟು ಬೆನ್ನು ಬಾಗಿದವು. ಯಾರೂ ಯೋಚಿಸಲಿಲ್ಲ. ಯೋಚಿಸುವ ಕೆಲಸವೇ ಅಲ್ಲ ಅದು. ಡಬ್ಬ ಒಂದು ಮೊಳ ಎದ್ದಿತು. ಡಬ್ಬ ಎದ್ದದ್ದೇ ತಡ, ತಮ್ಮನ ಬಲಗೈ ಚೀಲಕ್ಕೆ ಹೋಯಿತು, ಬೆಣೆ ತೆಗೆಯಿತು, ಸಂದಿಯೊಳಗೆ ಮೊಣಕೈವರೆಗೆ ಹೋಯಿತು. ಹದಿನೆಂಟು ವರ್ಷ ದಿನಕ್ಕೆ ನೂರು ಸಲ ಹೋಗಿದ್ದ ಹಾಗೆಯೇ ಹೋಯಿತು. ಒಳಗೆ ಹೋದ ಕೈ ನಾಲ್ಕು ಸಾಲಿಗೆ ಕಾಯಿತು.

ಢಬಢಬ. ಬಿಡಿರೋ... ಹೊಯ್.

ಎಂಟು ಜನ ಬಿಟ್ಟರು.

"ತಡೀ!" ಎಂದು ಕೂಗಕ್ಕ ಎದ್ದು ಕಿರುಚಿದ್ದು ಅವಳ ದನಿಯ ಕೆಳಗೇ ಸಿಕ್ಕಿ ಸತ್ತುಹೋಯಿತು. ಮೇಲಿನಿಂದ ಮತ್ತೆ ಎಳಿರೋ ಬಂತು, ಮತ್ತೆ ಬಿಡಿರೋ. ಎಂಟು ಜನ ಹಗ್ಗವನ್ನು ದಿಟ್ಟಿಸಿ ನೋಡುತ್ತ ನಿಂತಿದ್ದರು. ತಮ್ಮ ಕಿರುಚಲಿಲ್ಲ. ಬಂಡೆಗೆ ಹಣೆ ಹಚ್ಚಿಕೊಂಡು, ಯಾರಿಗೂ ಕೇಳದ ಹಾಗೆ, ಬೈಯುತ್ತಿದ್ದ.

*

ಬೇಲಿಯ ಪಕ್ಕದಲ್ಲೇ ಆಂಬುಲೆನ್ಸ್ ನಿಂತಿತ್ತು. ಹಿಂದಿನ ಬಾಗಿಲು ತೆರೆದು ನರ್ಸೊಬ್ಬಳು ಕಾಲು ಇಳಿಬಿಟ್ಟು ಕೂತಿದ್ದಳು. ಗಣಿಯವರು ತಮ್ಮನನ್ನು ಹಲಗೆಯ ಮೇಲೆ ಹೊತ್ತು ತಂದರು. ಕಾವಲಿನವನು ಅಡ್ಡ ಬಂದ.

"ಇದು ಪ್ರೇಕ್ಷಕರಿಗೆ. ಪಟ್ಟಿ ತೋರ್ಸಿ."

"ಯಾವ ಪಟ್ಟಿನೋ ಬೋಳಿಮಗನೇ! ಕೈಗೆ ಕಟ್ಟೋ ಪಟ್ಟಿ ಕೇಳ್ತೀಯಲ್ಲ, ಕೈ ಎಲ್ಲೈತೆ ನೋಡು!" ಎಂದ ಹಾರೆಮಾವ.

"ಬೈಬೇಡಿ ತಾತ. ನನ್ನ ಕೆಲಸ ಹೋಗುತ್ತೆ. ಬಂದವರು ಯಾರಾದ್ರೂ ತಲೆ ತಿರುಗಿ ಬಿದ್ರೆ ಏನು ಮಾಡ್ಲಿ? ಒಂದೇ ಗಾಡಿ ಇರೋದು."

ನರ್ಸು ಇಳಿದು ಬಂದಳು. ಗಾಯಕ್ಕೆ ಬಟ್ಟೆ ಒತ್ತಿ, ಬಿಗಿಯಾಗಿ ಕಟ್ಟಿದಳು. ಕಟ್ಟಿ ಮುಗಿಸಿ ಮತ್ತೆ ಗಾಡಿಗೆ ಹತ್ತಿ ಕೂತಳು.

ಕಸ ಸಾಗಿಸುವ ಟ್ರ್ಯಾಕ್ಟರು ಸಿಕ್ಕಿತು. ಖಾಲಿ ಬಾಟಲಿಗಳನ್ನು ಒಂದು ಕಡೆ ತಳ್ಳಿ, ನಾದಿನಿಯ ಕಸದ ಚೀಲಗಳನ್ನೇ ಹಾಸಿ ಅವನನ್ನು ಮಲಗಿಸಿದರು. ನಾದಿನಿ ಹತ್ತಿದಳು. ಕೂಗಕ್ಕ ಕಾಲಿಟ್ಟಾಗ ತಮ್ಮ ಕಣ್ಣು ತೆರೆದು, ಬಿಳಿಚಿದ ಮುಖದಲ್ಲಿ, ಅವಳ ಪುಡಿ ಬಳಿದ ಕೆನ್ನೆ ನೋಡಿದ. ಕಣ್ಣೀರು ಹರಿದು ಅದರಲ್ಲಿ ಗೆರೆ ಬಿದ್ದಿತ್ತು.

"ನೀನು ಬೇಡ ಅಕ್ಕ. ಅದನ್ನ ನಿಲ್ಸು. ಇನ್ನೂ ಕೂಗ್ತಾ ಐತೆ ನೋಡು."

ಟ್ರ್ಯಾಕ್ಟರು ಬಾಟಲಿಗಳ ಗಲಗಲದೊಡನೆ ಏರು ಹತ್ತಿತು.

*

ಟೇಪಣ್ಣನ ಆಫೀಸು ಒಂದು ಕಬ್ಬಿಣದ ಕಂಟೇನರು, ಒಳಗೆ ತಣ್ಣಗಿತ್ತು. ಗೋಡೆಯಲ್ಲಿ ಹಳೆಯ ಫೋಟೋ: ಗಣಿಯಲ್ಲಿ ಕೂತ ಜನ, ನಡುವೆ ಅವನು. ಈಗ ಅವನ ತಲೆ ನರೆತಿತ್ತು, ಅವನು ಹಬ್ಬದ ನಿರ್ದೇಶಕ. ಕೂಗಕ್ಕನನ್ನು ಕಂಡದ್ದೇ ಎದ್ದು ಕುರ್ಚಿ ಸರಿಸಿದ.

"ಕೂತ್ಕೊಳ್ಳಿ ಅಕ್ಕ. ನನಗೆ ಕೈಕಾಲೇ ಆಡ್ತಿಲ್ಲ. ನಮ್ಮ ಹುಡುಗ ಅವನು."

ಅವಳು ಕೂರಲಿಲ್ಲ. ಪುಡಿ ಕುರ್ಚಿಗೆ ಹತ್ತೀತೆಂದು ಅನುಮಾನ. ಮೂಲೆಯಲ್ಲಿ ಮೇಸ್ತ್ರಿ ಕಾಗದದ ಮೇಲೆ ಏನೋ ಬರೆಯುತ್ತಿದ್ದ.

"ಕೂಗು ನಿಲ್ಸಪ್ಪ ಟೇಪಣ್ಣ. ಅವನು ಹೇಳೋತನಕ ಹಾಕಬಾರ್ದು. ನಿಂಗೆ ಗೊತ್ತೈತಲ್ಲ."

"ಗೊತ್ತಿಲ್ವಾ ಅಕ್ಕ? ನನ್ನ ಪುಸ್ತಕದಲ್ಲಿ ಅದರ ಮೇಲೇ ಒಂದು ಅಧ್ಯಾಯ ಇದೆ. ಕೂಗುವವಳ ಮೌನ, ಅದೊಂದು ಪ್ರಾರ್ಥನೆ. ಪೆಟ್ಟಾದವನ ಅಪ್ಪಣೆ, ಅದೊಂದು ಕ್ಷಮೆ." ಹೇಳುತ್ತ ಹೇಳುತ್ತ ಅವನ ದನಿ ಭಾಷಣದ ದನಿಯಾಯಿತು. ತಾನೇ ಗುರುತಿಸಿ ತಗ್ಗಿಸಿಕೊಂಡ. "ಆದ್ರೆ ಇವತ್ತಿಂದು ನೇರ ಪ್ರಸಾರ. ಆರೂವರೆಗೆ ನಿಮ್ಮ ದನಿಯಿಂದ್ಲೇ ಶುರು. ನಿಲ್ಲಿಸೋದು ನನ್ನ ಕೈಲಿಲ್ಲ."

"ಹಂಗಾದ್ರೆ ನಾಲ್ಕು ಸಾಲಾದ್ರೂ ವಾಪಸ್ ಹಾಕ್ಸು. ಅದಿದ್ದಿದ್ರೆ ಕೈ ಉಳೀತಿತ್ತು."

"ಅಕ್ಕ, ಹಳೇ ಕಾಲದ ತಾಳ್ಮೆ ಜನಕ್ಕೆಲ್ಲಿದೆ? ಅದೂ ಅಲ್ದೆ, ಆ ದನಿ ನೀವು ಆಗ್ಲೇ ಕೊಟ್ಟಿರೋದು. ಹೆಬ್ಬೆಟ್ಟು ಹಾಕಿದೀರಲ್ಲ."

"ನಂದು ಅಂತ ಇದ್ದಿದ್ರೆ ಕೊಡ್ತಿದ್ದೆ. ಅದು ನನ್ನಮ್ಮಂದು, ಅವಳ ಅಮ್ಮಂದು."

ಮೇಸ್ತ್ರಿ ಕಾಗದ ತಂದು ಮೇಜಿನ ಮೇಲಿಟ್ಟ. "ಸಾರ್, ವರದಿ. ಕುಡಿದು ಬಂದು, ಹೇಳದೆ ಕೇಳದೆ ಯಂತ್ರದ ಕೆಳಗೆ ಕೈ ಹಾಕಿದ ಅಂತ. ಎಂಟು ಜನದಲ್ಲಿ ಇಬ್ಬರು ಸಹಿ ಹಾಕಿದ್ರೆ ಸಾಕು."

"ಥೂ ನಿನ್ನ ಬಾಯಿಗೆ!" ಎಂದಳು ಕೂಗಕ್ಕ. "ಅವನು ಕುಡಿದಿದ್ದು ನಾನು ಕೊಟ್ಟ ನೀರು ಕಣೋ, ನನ್ಮಗನೇ!"

ಅಷ್ಟರಲ್ಲಿ ಅವಳ ಸೊಂಟದ ಫೋನು ಕುಯ್‌ಗುಟ್ಟಿತು. ನಾದಿನಿ. ಆಸ್ಪತ್ರೆಯಲ್ಲಿ ಒಳಗೆ ಸೇರಿಸುತ್ತಿಲ್ಲ. ಕೆಲಸದ ಜಾಗದಲ್ಲಿ ಆದದ್ದು, ಕೆಲಸ ಕೊಟ್ಟವರಿಂದ ಪತ್ರ ಬೇಕು, ಇಲ್ಲವೆಂದರೆ ಪೊಲೀಸರು ಬಂದು ನೋಡುವವರೆಗೆ ಕಾಯಬೇಕು ಅನ್ನುತ್ತಿದ್ದಾರೆ. ಕತ್ತಲಾಗುವ ಮೊದಲು ಒಳಗೆ ಹೋದರೆ ಮಣಿಕಟ್ಟಿನವರೆಗಾದರೂ ಕೈ ಉಳಿಸಬಹುದಂತೆ. ತಡವಾದರೆ ಮೊಣಕೈಗೆ ಕತ್ತರಿಸಬೇಕಂತೆ.

ಟೇಪಣ್ಣನಿಗೂ ಅದು ಕೇಳಿಸಿತು. ಅವನು ಮೇಸ್ತ್ರಿಯ ಕಾಗದವನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದ. ಹಬ್ಬದ ಚಿತ್ರವಿದ್ದ ಬೇರೆ ಹಾಳೆ ತೆಗೆದು, ಬೆಣೆಯವನು ಹಬ್ಬದ ಕೆಲಸದಲ್ಲಿದ್ದಾಗಲೇ ಪೆಟ್ಟು ತಿಂದನೆಂದು ತನ್ನ ಕೈಯಿಂದಲೇ ಬರೆದ. ಸಹಿ ಮಾಡಿದ, ಮುದ್ರೆ ಒತ್ತಿದ. ಕೂಗಕ್ಕ ಕೈ ಚಾಚಿದಳು. ಅವನು ಹಾಳೆಯನ್ನು ಮಡಚಿ ತನ್ನ ಅಂಗಿಯ ಜೇಬಿಗೆ ಇಟ್ಟುಕೊಂಡ.

"ಆರೂವರೆಗೆ ನಿಂತ್ಕೊಳ್ಳಿ ಅಕ್ಕ. ನಾಲ್ಕೇ ನಿಮಿಷ. ಇಳಿದ ತಕ್ಷಣ ಕೊಡ್ತೀನಿ, ನನ್ನ ಕಾರಲ್ಲೇ ಕಳಿಸ್ತೀನಿ. ನಾನೂ ನಿಮ್ಮವನೇ ಅಲ್ವಾ?"

"ಈಗ್ಲೇ ಕೊಡು. ನಿಲ್ತೀನಿ."

"ಈಗ ಕೊಟ್ರೆ ನೀವು ಹೋಗ್ಬಿಡ್ತೀರಿ," ಎಂದ ಟೇಪಣ್ಣ, ಬಹಳ ಬೇಸರದಿಂದ.

*

ಆರಕ್ಕೆ ವೇದಿಕೆಯ ಹಿಂದೆ ಅವಳಿಗೆ ಮತ್ತೆ ಪುಡಿ ಹಚ್ಚಿದರು. ಕಣ್ಣೀರಿನ ಗೆರೆಗಳನ್ನು ಹಾಗೇ ಬಿಡು, ಚೆನ್ನಾಗಿ ಕಾಣುತ್ತದೆ ಎಂದು ಯಾರೋ ಹೇಳಿದರು. ಆರು ಮುದುಕರು ಥರ್ಮಾಕೋಲಿನ ಕಲ್ಲಿನ ಪಕ್ಕ ಕೂತಿದ್ದರು. ಕೂಗಕ್ಕ ಮೂಲೆಗೆ ಹೋಗಿ ನಾದಿನಿಗೆ ಫೋನು ಹಚ್ಚಿದಳು.

"ಓಣೀಲೇ ಮಲಗ್ಸಿದಾರೆ ಅತ್ತಿಗೆ. ಪತ್ರ ಸಿಕ್ತಾ?"

"ಬರ್ದವ್ನೆ. ಜೇಬಲ್ಲಿ ಇಟ್ಕೊಂಡವ್ನೆ. ನಾನು ಬಾಯಿ ಆಡ್ಸಿದ ಮೇಲೆ ಕೊಡ್ತಾನಂತೆ. ಅವನಿಗೆ ಎಚ್ಚರ ಐತಾ? ಕಿವಿಗೆ ಹಿಡಿ."

ಉಸಿರು ಕೇಳಿಸಿತು. ಹಿಂದೆ ಯಾರದೋ ಮಗು ಅಳುತ್ತಿತ್ತು.

"ತಮ್ಮಾ, ನಾನು ಕಣೋ. ಅಪ್ಪಣೆ ಕೊಡು. ಕೂಗು ಅನ್ನು. ನೀನು ಅಂದ್ರೆ ಆಡಿಸ್ಬಿಡ್ತೀನಿ. ಪತ್ರ ಬರ್ತದೆ, ಕೈ ಉಳೀತದೆ."

"ಆ ನಾಲ್ಕು ಸಾಲು ಹಾಕ್ತಾರಂತಾ?" ಎಂದ ತಮ್ಮ.

"ಇಲ್ಲ."

"ನಾಳೆ ಡಬ್ಬ ಇಳಿಸ್ಬೇಕಲ್ಲ ಅಕ್ಕ. ಬೆಣೆಗೆ ಇನ್ಯಾವನೋ ಇರ್ತಾನೆ. ಕೂಗ್ಬೇಡ."

"ಲೋ, ಕೈ ಕಣೋ! ಬಲಗೈ!"

"ನಂಗೊತ್ತಿಲ್ವಾ ಯಾವ ಕೈ ಅಂತ?" ಅವನು ನಗಲು ನೋಡಿದನೋ ಏನೋ, ಕೆಮ್ಮು ಬಂತು. "ಕೂಗ್ಬೇಡ ಅಂದೆ. ಅಷ್ಟೇ."

ನಾದಿನಿ ಫೋನು ಕಸಿದುಕೊಂಡಳು. "ಅವರ ಮಾತು ಕೇಳ್ಬೇಡಿ ಅತ್ತಿಗೆ, ಜ್ವರ ಏರೈತೆ, ಕಾಲಿಗೆ ಬೀಳ್ತೀನಿ, ಬಾಯಿ ಆಡ್ಸಿ, ಬರೀ ಬಾಯಿ ತಾನೇ, ಏನು ಗಂಟು ಹೋಗ್ತದೆ, ಆಡ್ಸಿಬಿಡಿ..."

ಮೇಸ್ತ್ರಿ ಬಂದು ಅವಳ ತೋಳು ಹಿಡಿದೆಳೆದ. "ನಡಿ, ನಡಿ, ಟೈಮಾಯ್ತು."

*

ಸೂರ್ಯ ಗಣಿಯ ಅಂಚಿಗೆ ಇಳಿದಿದ್ದ. ಗುಂಡಿಯ ತುಂಬ ಜನ. ಬಂಡೆ ಕಾಣದಷ್ಟು ಜನ. ಟೇಪಣ್ಣ ಮೈಕಿನ ಮುಂದೆ ನಿಂತು ಹನ್ನೊಂದು ಜನರ ಕಥೆ ಹೇಳಿದ. ಹೆಗಲ ಮೇಲಿನ ಮಗುವಿನ ಮಾತು ಬಂದಾಗ ಮಗುವನ್ನು ಎತ್ತಿದವನ ಹಾಗೆ ಎರಡೂ ಕೈ ಮೇಲೆತ್ತಿದ. ಜನ ಚಪ್ಪಾಳೆ ತಟ್ಟಿದರು. ಅವನು ಬದಿಗೆ ಸರಿದ. ಕೂಗಕ್ಕನನ್ನು ನೆಲದ ಮೇಲಿನ ಬಿಳಿ ಗುರುತಿನ ಮೇಲೆ ನಿಲ್ಲಿಸಿದರು. ದೀಪ ಕಣ್ಣಿಗೆ ಹೊಡೆಯಿತು. ಅವಳ ಮುಖ ಎರಡೂ ಬದಿಯ ಪರದೆಗಳ ಮೇಲೆ ಮನೆಯಷ್ಟು ದೊಡ್ಡದಾಗಿ ಎದ್ದಿತು.

ಎಳಿರೋ... ಹೊಯ್ಯಾ.

ಅವಳು ತುಟಿ ಬಿಗಿದಳು.

ಢಬಢಬ. ಬಿಡಿರೋ... ಹೊಯ್.

"ಬಾಯಿ!" ಪಕ್ಕದ ಪರದೆಯ ಮರೆಯಿಂದ ಮೇಸ್ತ್ರಿ ಹಲ್ಲು ಕಚ್ಚಿ ಅಂದ. "ಬಾಯಿ ತೆಗಿ, ಮುಂಡೇದೇ! ಮೀನು! ಮೀನು!"

ಗಂಟಲು ಬೆಳಿಗ್ಗೆಯಂತೆಯೇ ತಾನಾಗಿ ಉಬ್ಬಿ ಬಂತು. ಬಿಗಿದ ತುಟಿ ಸಾಲಲಿಲ್ಲ. ಅವಳು ಎರಡೂ ಕೈ ಎತ್ತಿ ಬಾಯಿಯ ಮೇಲೆ ಒಂದರ ಮೇಲೊಂದು ಒತ್ತಿ ಹಿಡಿದಳು. ಹಿಂದೆ ಹಗ್ಗ ನೆಲಕ್ಕೆ ಬಿದ್ದ ಸದ್ದಾಯಿತು. ಪರದೆಯ ಮೇಲೆ ಅವಳಿಗೆ ಕಂಡಿತು: ಹಾರೆಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಉಳಿದ ಐವರೂ ಹಾಗೆಯೇ ಮಾಡಿದರು. ಆದರೂ ಪ್ರತಿ ಎಳಿರೋಗೆ ಆರು ಜನರ ಹೆಗಲು ಒಮ್ಮೆ ಬೆಚ್ಚಿ ಬೀಳುತ್ತಿತ್ತು. ಪ್ರತಿ ಬಿಡಿರೋಗೆ ಇಳಿಯುತ್ತಿತ್ತು. ಅದನ್ನು ಅವರು ತಡೆಯಲಾರದೆ ಹೋದರು.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಅವಳನ್ನೇ ನೋಡುತ್ತ ನಿಧಾನವಾಗಿ ತನ್ನ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳ ಪಕ್ಕದವನು ಇಟ್ಟುಕೊಂಡ. ಸಾಲು ಇಟ್ಟುಕೊಂಡಿತು. ನೋಡನೋಡುತ್ತಿದ್ದಂತೆ ಗುಂಡಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಸಾವಿರಾರು ಜನ ಬಾಯಿಯ ಮೇಲೆ ಕೈ ಇಟ್ಟು ನಿಂತರು. ಇನ್ನೊಂದು ಕೈಯಲ್ಲಿ ಫೋನು ಎತ್ತಿ ಹಿಡಿದಿದ್ದರು.

ಮೇಸ್ತ್ರಿ ಬಿಳಿಚಿಕೊಂಡು ಟೇಪಣ್ಣನ ಕಡೆ ತಿರುಗಿದ. ಟೇಪಣ್ಣ ಅಳುತ್ತಿದ್ದ. ಅಳುತ್ತಲೇ ಅವನ ಕಿವಿಯಲ್ಲಿ ಏನೋ ಹೇಳಿದ. ಮೇಸ್ತ್ರಿಯ ಮುಖ ಸಡಿಲಾಯಿತು. ಕೂಗಕ್ಕನಿಗೆ ಕಾಣುವಂತೆ ಅಂಗೈ ತೋರಿಸಿದ: ಹಾಗೇ ಇರು, ಚೆನ್ನಾಗಿದೆ, ಹಾಗೇ ಇರು. ಆಮೇಲೆ ಕಿವಿಯ ಫೋನಿನಲ್ಲಿ ಅಂದ, "ಮುಗೀತು ಅಂತ ನಿಲ್ಸಬೇಡ. ಮತ್ತೆ ಮೊದಲಿಂದ ಹಾಕು. ಹಾಕ್ತಾನೇ ಇರು."

ಟೇಪಣ್ಣನ ಜೇಬಿನಲ್ಲಿ ಹಾಳೆಯ ಬಿಳಿ ಅಂಚು ಇಣುಕುತ್ತಿತ್ತು. ನಾಲ್ಕು ನಿಮಿಷ ಕಳೆದುಹೋಗಿತ್ತು. ಗಣಿಯ ಅಂಚಿನಲ್ಲಿ ಸೂರ್ಯನಿರಲಿಲ್ಲ.

ಎಳಿರೋ... ಹೊಯ್ಯಾ.

ಕೈಗಳ ಕೆಳಗೆ, ಮುಚ್ಚಿದ ಬಾಯಿಯೊಳಗೆ, ಕೂಗಕ್ಕ ತಮ್ಮನಿಗೆ ನಾಲ್ಕು ಸಾಲು ಹೇಳಲು ನೋಡಿದಳು. ಕೈಯ ತಕ್ಕೊಳ್ಳೊ, ಎಂದು ಶುರು ಮಾಡಿದಳು. ಅಷ್ಟರಲ್ಲೇ ಬಿಡಿರೋ ಬಂತು. ಮತ್ತೆ ಶುರು ಮಾಡಿದಳು. ಬಿಡಿರೋ ಬಂತು. ಕೈಯ, ಎಂದಳು. ಬಿಡಿರೋ ಬಂತು.